ನಾಲ್ಕನೇ ಜ್ವರದ ನಂತರ

ನನ್ನ ಗಂಡ ಸಿದ್ಧಾರ್ಥ್ ಸತ್ತ ಮೇಲೆ ಅವನ ಅಣ್ಣ ಮುನೇಶ್ ಮೊದಲ ಸಲ ನನ್ನ ಕೋಣೆಗೆ ಬಂದಾಗ ಅವನ ಕೈಯಲ್ಲಿ ಕರಾರು ಪತ್ರವಿತ್ತು. ಚಪ್ಪಲಿ ಬಿಡದೆ ಒಳಗೆ ಬಂದು ಕಂಪ್ಯೂಟರಿನ ಮುಂದಿನ ಕುರ್ಚಿಯಲ್ಲಿ ಕೂತ. ಅದು ಸಿದ್ಧಾರ್ಥನ ಕುರ್ಚಿ. ಕೋಣೆಯಲ್ಲಿ ಬೇರೆ ಕುರ್ಚಿ ಇರಲಿಲ್ಲ.

"ಸೈನ್ ಹಾಕಮ್ಮ ಕವಿತ," ಎಂದ. "ಬೆಂಗಳೂರಿನ ಕಂಪನಿಯೋರು ಆಟಾನ ಪೂರ್ತಿ ಕೊಂಡ್ಕೊಳ್ತಾರೆ. ಒಂದೇ ಸಲ ದುಡ್ಡು. ಅಮ್ಮ ಆಗ್ಲೇ ಹೆಬ್ಬೆಟ್ಟು ಒತ್ತಾಯ್ತು. ನಿಂದೊಂದೇ ಬಾಕಿ."

"ಪೂರ್ತಿ ಅಂದ್ರೆ ಏನು ಬಾವ?"

"ಪೂರ್ತಿ ಅಂದ್ರೆ ಪೂರ್ತಿ. ಆಮೇಲೆ ಅವ್ರಿಷ್ಟ. ಹುಳ ತೆಗೆದು ಮೀನು ಹಾಕ್ತಾರಂತೆ."

"ಮೀನಾ?"

"ರೇಷ್ಮೆ ಹುಳ ಯಾರಿಗಮ್ಮ ಬೇಕು? ನಮ್ಮ ಜಿಲ್ಲೆ ದಾಟಿದ್ರೆ ಜನ ಅದನ್ನ ನೋಡಿ ಮುಖ ಸಿಂಡರಿಸ್ತಾರೆ. ಮೀನು ಅಂದ್ರೆ ಡೆಲ್ಲಿಯೋರೂ ಆಡ್ತಾರೆ."

ಯೋಚಿಸುತ್ತೇನೆ ಎಂದೆ. ಅವನು ನಕ್ಕ.

"ಯೋಚ್ನೆ ಮಾಡು. ತಿಂಗಳ ಕೊನೆವರ್ಗೂ ಟೈಮ್ ಐತೆ. ನಿನ್ನ ಮನೆ ಬಾಡಿಗೇನೂ ಅಲ್ಲೀವರ್ಗೇ ತಾನೇ? ಕೊಂಡಮ್ಮ ಹೇಳಿದ್ಲು."

ಕೊಂಡಮ್ಮ ಮನೆಯ ಒಡತಿ. ಹೋಗುವಾಗ ಮುನೇಶ್ ಬಾಗಿಲಲ್ಲೇ ನಿಂತು ಅವಳೊಂದಿಗೆ ಬಹಳ ಹೊತ್ತು ಮಾತಾಡಿದ. ನಾನು ಬಾಗಿಲು ಹಾಕಿಕೊಂಡೆ.

ನಮ್ಮ ಕೋಣೆ ಇದ್ದದ್ದು ಶಿಡ್ಲಘಟ್ಟದಲ್ಲಿ, ರೇಷ್ಮೆ ಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ. ನೂಲು ಬಿಚ್ಚುವ ಮನೆಗಳಿಂದ ಬೆಂದ ಹುಳುವಿನ ವಾಸನೆ ದಿನವಿಡೀ ಕಿಟಕಿಯೊಳಕ್ಕೆ ಬರುತ್ತಿತ್ತು. ನಾನೂ ಸಿದ್ಧಾರ್ಥನೂ ಎಂಸಿಎಯಲ್ಲಿ ಒಂದೇ ತರಗತಿ. ಇಬ್ಬರೂ ಊರಿನ ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುತ್ತಿದ್ದೆವು. ಅವನು ಹೋದ ಮೇಲೆ ಸೆಂಟರಿನವರು ನನಗೆ ವಿಶ್ರಾಂತಿ ಬೇಕು ಎಂದು ತೀರ್ಮಾನಿಸಿ ನನ್ನ ತರಗತಿಗಳನ್ನು ಬೇರೆಯವರಿಗೆ ಕೊಟ್ಟರು. ಉಳಿದದ್ದು ಆಟ ಒಂದೇ.

ಆಟದ ಹೆಸರು 'ಹುಳು ಮನೆ'. ಬಣ್ಣದ ಪರದೆ ಇರುವ ಯಾವ ಫೋನಿನಲ್ಲೂ ಆಡಬಹುದು. ಮೊಟ್ಟೆ ಒಡೆದಲ್ಲಿಂದ ಗೂಡು ಕಟ್ಟುವವರೆಗೆ ರೇಷ್ಮೆ ಹುಳು ಸಾಕಬೇಕು. ನಿಜವಾದ ಬೆಳೆಗೆ ಸುಮಾರು ಒಂದು ತಿಂಗಳಾದರೆ ಫೋನಿನಲ್ಲಿ ಒಂದು ವಾರ. ಹೊತ್ತಿಗೆ ಸರಿಯಾಗಿ ಸೊಪ್ಪು ಹಾಕಬೇಕು, ತಟ್ಟೆ ಚೊಕ್ಕಟ ಮಾಡಬೇಕು, ಕಾಲು ತೊಳೆದೇ ಒಳಗೆ ಹೋಗಬೇಕು. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಪ್ರತಿ ಸಲವೂ ಪೊರೆ ಬಿಡುವ ಮೊದಲು ತಿನ್ನುವುದನ್ನು ನಿಲ್ಲಿಸಿ ಅಲ್ಲಾಡದೆ ಮಲಗುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಹುಳುವಿಗೆ ಹೊಟ್ಟೆಯೊಂದೇ ಇರುತ್ತದೆ. ಹುಟ್ಟಿದಾಗಿನಿಂದ ತಿಂದದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಸೊಪ್ಪನ್ನು ಆಗಿನ ಕೆಲವು ದಿನಗಳಲ್ಲೇ ತಿಂದು ಮುಗಿಸುತ್ತದೆ.

ಚಿತ್ರಗಳನ್ನು ಬರೆದವನು ಸಿದ್ಧಾರ್ಥ್. ಹುಳು ಎಷ್ಟು ತಿನ್ನಬೇಕು, ಯಾವಾಗ ಮಲಗಬೇಕು, ಯಾವ ತಪ್ಪಿಗೆ ಯಾವ ರೋಗ ಬರಬೇಕು, ಎಷ್ಟು ಹೊತ್ತಿಗೆ ಸಾಯಬೇಕು ಎಂಬುದನ್ನೆಲ್ಲ ಬರೆದವಳು ನಾನು.

ಅವನಿಗೆ ತನ್ನ ತಾಯಿಯ ಹುಳು ಮನೆಯ ನಿಯಮಗಳೆಲ್ಲ ಆಟದಲ್ಲಿ ಇರಬೇಕೆಂಬ ಆಸೆ. ಅವರದು ಜಂಗಮಕೋಟೆ. "ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಒಳಗೆ ಹೋಗಂಗಿಲ್ಲ, ಹಾಕ್ಕೋ," ಎಂದ. ಹಾಕಿದೆ, ಹೊಗೆಸೊಪ್ಪಿಗೆ ಹುಳು ನಿಜವಾಗಿಯೂ ಸಾಯುತ್ತದೆ. "ಸಾವಿನ ಮನೆಯೋರ ನೆಳ್ಳು ಹುಳದ ಮೇಲೆ ಬೀಳಂಗಿಲ್ಲ."

"ಅದಕ್ಕೆ ಯಾವ ರೋಗ ಅಂತ ಬರೀಲಿ?" ಎಂದು ಕೇಳಿದೆ.

ಅವನು ನಕ್ಕುಬಿಟ್ಟ. "ಬಿಡು ಕಣೇ. ಅದು ಅಮ್ಮನಿಗೆ ಮಾತ್ರ ಕಾಣೋ ರೋಗ."

ಆಟವನ್ನು ಮಾರುವುದು ಮಾಡುವುದಕ್ಕಿಂತ ಕಷ್ಟವಾಯಿತು. ಮೊದಲು ಬೆಂಗಳೂರಿನ ಒಂದು ಏಜೆನ್ಸಿಯ ಮೂಲಕ ಫೋನ್ ಕಂಪನಿಯ ಆಟಗಳ ಪಟ್ಟಿಗೆ ಸೇರಿಸಿದೆವು. ಯಾರಾದರೂ ಇಳಿಸಿಕೊಂಡರೆ ಅರ್ಧಕ್ಕಿಂತ ಹೆಚ್ಚು ಫೋನ್ ಕಂಪನಿಗೆ, ಉಳಿದದ್ದರಲ್ಲಿ ದೊಡ್ಡ ಪಾಲು ಏಜೆನ್ಸಿಗೆ. ನಮಗೆ ಬರುವುದು ಯಾವಾಗ ಬರುತ್ತದೆಂದು ಕೇಳಲು ಮಾಡಿದ ಫೋನಿನ ಖರ್ಚೇ ಬಂದದ್ದಕ್ಕಿಂತ ಹೆಚ್ಚಾಯಿತು. ಆಮೇಲೆ ಸಿದ್ಧಾರ್ಥ್ ಬೇರೆ ದಾರಿ ಹಿಡಿದ. ಆಟದ ಮುಕ್ಕಾಲು ಭಾಗ ಎಲ್ಲರಿಗೂ ಪುಕ್ಕಟೆ. ನಾಲ್ಕನೇ ಜ್ವರಕ್ಕೆ ಹುಳು ಮಲಗಿದಾಗ ಆಟ ನಿಲ್ಲುತ್ತದೆ. ಮುಂದಕ್ಕೆ ಬೇಕಾದವರು ದುಡ್ಡು ಕೊಟ್ಟು ನಮ್ಮಿಂದ ಒಂದು ಸಂಖ್ಯೆ ಪಡೆಯಬೇಕು. ಯಾರೂ ಪಡೆಯಲಿಲ್ಲ.

ಮುನೇಶನಿಗೆ ಚಿಂತಾಮಣಿಯ ಬಸ್ ನಿಲ್ದಾಣದ ಎದುರು ಮೊಬೈಲ್ ಅಂಗಡಿಯಿದೆ. ಹಾಡು, ವಾಲ್‌ಪೇಪರ್, ಆಟ ಎಲ್ಲವನ್ನೂ ಮೆಮೊರಿ ಕಾರ್ಡಿಗೆ ತುಂಬಿಕೊಡುತ್ತಾನೆ. ತಮ್ಮನ ಆಟವನ್ನೂ ತುಂಬಿಕೊಟ್ಟ, ತುಂಬಿದ್ದಕ್ಕೆ ಹತ್ತು ರೂಪಾಯಿ ತಗೊಂಡ. ಚಿಂತಾಮಣಿಯಲ್ಲಿ ನಮ್ಮ ಆಟವಿಲ್ಲದ ಫೋನು ಇರಲಿಲ್ಲ. ನಮಗೆ ಮಾತ್ರ ಅದರಿಂದ ಏನೂ ಇರಲಿಲ್ಲ. ಹಾಗೆ ಮಾಡಬೇಡ, ನಮಗೂ ಪಾಲು ಕೊಡು ಎಂದು ಹೇಳಲು ಸಿದ್ಧಾರ್ಥ್ ಬೈಕಿನಲ್ಲಿ ಚಿಂತಾಮಣಿಗೆ ಹೋದ. ಹಿಂದಿರುಗುವಾಗ ದಾರಿಯಲ್ಲಿ ಲಾರಿ ಹೊಡೆಯಿತು. ಇದರ ಬಗ್ಗೆ ಇಷ್ಟೇ ಬರೆಯಲು ನನಗೆ ಸಾಧ್ಯ.

ಮುನೇಶ್ ಪತ್ರ ತಂದ ವಾರದಲ್ಲೇ ಜಂಗಮಕೋಟೆಗೆ ಹೋಗಿ ಬಂದೆ. ಮಾವ ವೆಂಕಟರಾಯಪ್ಪ ನಿವೃತ್ತ ಗುಮಾಸ್ತರು, ಓದಿಕೊಂಡವರು. ನಡುಮನೆಯಲ್ಲಿ ಬುದ್ಧನ ಚಿತ್ರ ಬಿಟ್ಟರೆ ಬೇರೆ ದೇವರಿಲ್ಲ. ಮಗ ಸತ್ತಾಗ ನನ್ನ ಬಳೆ ಒಡೆಯಲು ಬಂದ ನೆಂಟರನ್ನು ಗದರಿಸಿ ಹೊರಗೆ ಕಳಿಸಿದವರು ಅವರೇ. "ಇಲ್ಲೇ ಬಂದಿರಮ್ಮ. ಅಲ್ಲೊಬ್ಬಳೇ ಯಾಕೆ?" ಎಂದರು.

ಕೆಲಸಕ್ಕೆ ನೆರವಾಗೋಣವೆಂದು ಹಿತ್ತಿಲಿನ ಹುಳು ಮನೆಗೆ ಹೋದೆ. ಹುಳು ಎರಡನೇ ಜ್ವರ ಎದ್ದಿದ್ದವು. ಅತ್ತೆ ಆಂಜಿನಮ್ಮ ಬಾಗಿಲಿಗೆ ಅಡ್ಡ ನಿಂತರು. ಎರಡೂ ಕೈಯಲ್ಲಿ ಸೊಪ್ಪಿತ್ತು.

"ಅಲ್ಲೇ ನಿಲ್ಲು."

"ಕಾಲು ತೊಳ್ಕೊಂಡಿದೀನಿ ಅತ್ತೆ."

"ಕಾಲಿನ ಮಾತಲ್ಲ. ನಿನ್ನ ನೆಳ್ಳು ಬೀಳೋದು ಬೇಡ."

"ಮಾವ ಇಂಥದ್ದೆಲ್ಲ..."

"ಮನೇಲಿ ನಿಮ್ಮಾವ ಹೇಳ್ದಂಗೆ. ಹುಳು ಮನೇಲಿ ನಾನು ಹೇಳ್ದಂಗೆ." ಸೊಪ್ಪನ್ನು ತಟ್ಟೆಗೆ ಉದುರಿಸಿದರು. "ಓದಿರೋರಿಗೆ ಬೆಳೆ ಹೋದ್ರೆ ಏನು? ಪೇಪರ್‌ನಲ್ಲಿ ಬರ್ಕೊಂತೀರ. ನಾವು ಏನ್ ಮಾಡಣ?"

ಹಿತ್ತಿಲಿನ ಕಲ್ಲಿನ ಮೇಲೆ ಸ್ವಲ್ಪ ಹೊತ್ತು ಕೂತಿದ್ದೆ. ಒಳಗೆ ಅತ್ತೆ ಹುಳುಗಳನ್ನು ಮಾತಾಡಿಸುತ್ತಿದ್ದರು. "ತಿನ್ರಪ್ಪ, ತಿನ್ರಿ, ಇನ್ನೂ ಐತೆ." ಇನ್ನು ಮುಂದೆ ಇದೇ ಕಲ್ಲು ನನ್ನ ಜಾಗ ಎಂದು ತಿಳಿಯಿತು. ಆಟ ಹೋದರೆ ಕೋಣೆ ಹೋಗುತ್ತದೆ, ಕೋಣೆ ಹೋದರೆ ಈ ಕಲ್ಲು. ಸಂಜೆಯ ಬಸ್ಸಿಗೆ ಹಿಂದಿರುಗಿದೆ.

ಮಾರನೆಯ ದಿನ ಚಿಕ್ಕಬಳ್ಳಾಪುರದ ನಲ್ಲಪ್ಪನನ್ನು ನೋಡಲು ಹೋದೆ. ಹುಳು ಮನೆಗೆ ಬೇಕಾದ ಸುಣ್ಣ, ಬ್ಲೀಚಿಂಗ್ ಪುಡಿ, ಔಷಧಿಗಳ ವ್ಯಾಪಾರ ಅವನದು. ತನ್ನದೇ ಹೆಸರಿನ ಒಂದು ಪುಡಿಯನ್ನೂ ಪೊಟ್ಟಣ ಕಟ್ಟಿ ಮಾರುತ್ತಾನೆ. ಅದರ ಚಿತ್ರವನ್ನು ಆಟದೊಳಗೆ ಹಾಕುತ್ತೇವೆ, ತಿಂಗಳಿಗಿಷ್ಟು ಎಂದು ಕೊಡಿ ಎಂದೆ. ಅವನಿಗೆ ಇಷ್ಟವಾಯಿತು. ಕಾಫಿ ತರಿಸಿದ. ಫೋನಿನಲ್ಲಿ ಆಡಿ ನೋಡಿದ.

"ಸುಣ್ಣಕಟ್ಟು ಬಂದಾಗ ನಮ್ಮ ಪುಡಿ ಹಾಕಿದ್ರೆ ಹುಳ ಬದುಕ್ತದೆ ಅಂತ ಮಾಡಮ್ಮ."

"ಸುಣ್ಣಕಟ್ಟು ಬಂದ ಹುಳ ಬದುಕಲ್ಲ ನಲ್ಲಪ್ಪೋರೇ. ಗಟ್ಟಿಯಾಗಿ ಬೆಳ್ಳಗಾಗಿ ಸಾಯುತ್ತೆ. ನೀವೇ ಎಷ್ಟೋ ನೋಡಿರ್ತೀರ."

"ಆಟ ತಾನೇಮ್ಮ? ನಿಜವಾಗ್ಲೂ ಸಾಯ್ತವಾ ಅವು?"

"ನಾಳೆ ಯಾರಾದ್ರೂ ನಿಜವಾದ ಹುಳಕ್ಕೆ ಹಾಕಿದ್ರೆ?"

"ಹಾಕ್ಲಿ ಅಂತಲೇ ಅಲ್ವಾ ನಾನು ದುಡ್ಡು ಕೊಡೋದು!" ಎಂದು ಜೋರಾಗಿ ನಕ್ಕ. ನಾನು ನಗಲಿಲ್ಲ. ಅವನ ದನಿ ಬದಲಾಯಿತು. "ಗಂಡ ಇಲ್ಲ ಅಂತ ಪಾಪ ಅನ್ಕೊಂಡು ಕೂರಿಸ್ಕೊಂಡೆ. ನಂಗೇ ಪಾಠ ಹೇಳಕ್ ಬಂದಿದೀಯ? ಎದ್ದೇಳಮ್ಮ, ಗಿರಾಕಿಗಳು ಕಾಯ್ತಾವ್ರೆ."

ಅಂಗಡಿಯಲ್ಲಿ ಗಿರಾಕಿಗಳು ಯಾರೂ ಇರಲಿಲ್ಲ.

ಹಿಂದಿರುಗುವ ಬಸ್ಸಿನಲ್ಲಿ ನನ್ನ ಪಕ್ಕ ಕಾಲೇಜಿನ ಹುಡುಗಿಯೊಬ್ಬಳು ಕೂತಿದ್ದಳು. ಫೋನಿನಲ್ಲಿ ನಮ್ಮದೇ ಆಟ. ನಾನು ಯಾರೆಂದು ಹೇಳಲಿಲ್ಲ. ಅವಳ ಹುಳುಗಳು ಚೆನ್ನಾಗಿದ್ದವು. ಶಿಡ್ಲಘಟ್ಟ ಬರುವ ಮುಂಚೆಯೇ ನಾಲ್ಕನೇ ಜ್ವರಕ್ಕೆ ಕೂತವು. ಒಂದೊಂದಾಗಿ ತಲೆ ಎತ್ತಿ ಅಲ್ಲಾಡದೆ ನಿಂತವು. ಪರದೆಯ ಮೇಲೆ ಸಿದ್ಧಾರ್ಥ್ ಬರೆದ ಸಾಲು ಬಂತು: ಹುಳು ಮಲಗಿವೆ, ಮುಂದೆ ಸಾಕಲು ನಮಗೆ ಫೋನ್ ಮಾಡಿ. ಹುಡುಗಿ ಫೋನನ್ನು ಬ್ಯಾಗಿಗೆ ಹಾಕಿಕೊಂಡು ನೆಮ್ಮದಿಯಾಗಿ ಕಿಟಕಿಯ ಹೊರಗೆ ನೋಡತೊಡಗಿದಳು.

"ಮುಗೀತಾ?" ಎಂದು ಕೇಳಿದೆ.

"ಹೂಂ ಆಂಟಿ. ಎಲ್ಲಾ ಮಲಗಿದ್ವು. ಒಂದೂ ಸಾಯ್ಲಿಲ್ಲ. ನಾಳೆ ಹೊಸ ಮೊಟ್ಟೆ ಇಡ್ತೀನಿ."

ನಮ್ಮ ತಪ್ಪು ಅಲ್ಲಿತ್ತು. ಹುಳು ಸಾಕುವ ಮನೆಯಲ್ಲಿ ಹುಟ್ಟಿದವನು ಮಾತ್ರ ಮಾಡುವಂಥ ತಪ್ಪು. ಎಲ್ಲಿ ನಿಲ್ಲಿಸಬೇಕೆಂದು ನಾವು ಜಗಳವಾಡಿದ್ದೆವು. ಎದ್ದ ಮೇಲೆ ನಿಲ್ಲಿಸೋಣ, ಆಗ ಜನಕ್ಕೆ ಮುಂದಕ್ಕೆ ಬೇಕು ಅನ್ನಿಸುತ್ತದೆ ಎಂದು ನಾನು ಹೇಳಿದ್ದೆ. ಸಿದ್ಧಾರ್ಥ್ ಒಪ್ಪಲಿಲ್ಲ. "ಹಸಿದಿರೋ ಹುಳಾನ ಬಿಟ್ಟು ಎದ್ದೇಳಬಾರ್ದು ಕಣೇ. ನಮ್ಮಮ್ಮ ಊಟದ ತಟ್ಟೆ ಬಿಟ್ಟು ಸೊಪ್ಪು ಹಾಕಕ್ಕೆ ಎದ್ದು ಹೋಗ್ತಾಳೆ. ಹುಳ ಮಲಗಿರುವಾಗ ನಿಲ್ಸಿದ್ರೆ ಯಾರಿಗೂ ಏನೂ ಆಗಲ್ಲ." ಯಾರಿಗೂ ಏನೂ ಆಗಲಿಲ್ಲ. ನಮಗೂ ಆಗಲಿಲ್ಲ.

ಮಾರನೆಯ ಬೆಳಿಗ್ಗೆ ಕಂಪ್ಯೂಟರಿನ ಮುಂದೆ ಕೂತೆ. ಹುಳು ನಾಲ್ಕನೇ ಜ್ವರದಿಂದ ಏಳುವಂತೆ ಮಾಡಿದೆ. ಒಂದು ಸಲ ಸೊಪ್ಪು ಹಾಕಲು ಬಿಟ್ಟೆ. ಸಿದ್ಧಾರ್ಥ್ ತನ್ನ ಮನೆಯಲ್ಲೇ ಹುಳು ತಿನ್ನುವ ಸದ್ದನ್ನು ಹಿಡಿದಿಟ್ಟಿದ್ದ. ಚೂರು ಚೂರಾಗಿ ಹರಿಯುವ ಎಲೆಯ ಸದ್ದು, ನಡುವೆ ಅತ್ತೆಯ ಬಳೆ. ಅದನ್ನು ಅಲ್ಲಿ ಸೇರಿಸಿದೆ. ಎರಡನೇ ಸಲ ಸೊಪ್ಪು ಹಾಕಲು ಹೋದರೆ ಬುಟ್ಟಿ ತೆರೆಯದು. ಸದ್ದು ನಿಲ್ಲುತ್ತದೆ. ಹಸಿದ ಹುಳು ತಲೆ ಎತ್ತಿ ಅತ್ತಿತ್ತ ಆಡಿಸುತ್ತದೆ. ಚಿತ್ರ ಬರೆಯುವುದು ನನಗೆ ಬರುವುದಿಲ್ಲ, ಆದರೆ ಅಷ್ಟನ್ನು ಬರೆದೆ. ಆಮೇಲೆ ನಿಧಾನವಾಗಿ, ಒಂದು ದಿನವಿಡೀ, ಒಂದೊಂದಾಗಿ ಸಾಯುವಂತೆ ಬರೆದೆ. ಇವು ಸಾಯುವವರೆಗೆ ಹೊಸ ಮೊಟ್ಟೆ ಇಡುವಂತಿಲ್ಲ.

ಸಿದ್ಧಾರ್ಥ್ ಇದ್ದಿದ್ದರೆ ಅಳಿಸುತ್ತಿದ್ದ. ಅಳಿಸುವವರು ಯಾರೂ ಇರಲಿಲ್ಲ.

ಬುಟ್ಟಿ ತೆರೆಯಲು ಸಂಖ್ಯೆ ಬೇಕು. ಪ್ರತಿ ಫೋನಿನ ಪರದೆಯ ಮೇಲೂ ಬೇರೆ ಬೇರೆ ಸಂಖ್ಯೆ ಕಾಣುತ್ತದೆ. ಅದನ್ನು ನನಗೆ ಹೇಳಿದರೆ ನಾನು ಅದಕ್ಕೆ ಹೊಂದುವ ಇನ್ನೊಂದನ್ನು ಹೇಳುತ್ತೇನೆ. ಒಬ್ಬರದು ಇನ್ನೊಬ್ಬರಿಗೆ ಆಗದು. ಆದರೆ ನೂರು ಜನರಿಂದ ಇಪ್ಪತ್ತಿಪ್ಪತ್ತು ರೂಪಾಯಿ ವಸೂಲಿ ಮಾಡಲು ನಾನು ಎಲ್ಲಿಗೆ ಹೋಗಲಿ? ಅದಕ್ಕೆ ಮೊಬೈಲ್ ಅಂಗಡಿಗಳೇ ಸರಿ. ಅಂಗಡಿಯವರು ನನಗೆ ಮುಂಗಡ ಕೊಡಬೇಕು, ಗಿರಾಕಿಯಿಂದ ಅವರು ಪಡೆಯಬೇಕು, ಒಂದು ಪಾಲು ಅವರಿಗೆ. ರೀಚಾರ್ಜ್ ಮಾರುವ ಹಾಗೆಯೇ.

ಗೌರಿಬಿದನೂರಿನಲ್ಲಿ ಎರಡು ಅಂಗಡಿಯವರು ನನ್ನನ್ನು ಒಳಕ್ಕೇ ಸೇರಿಸಲಿಲ್ಲ. ಒಬ್ಬ, "ಆಟ ಪುಕ್ಸಟ್ಟೆ ಸಿಗ್ತದೆ ಹೋಗಮ್ಮ, ಚಿಂತಾಮಣಿ ಮುನೇಶಣ್ಣನ ಹತ್ರ," ಎಂದ. ಅಲೀಪುರದ ಅಂಗಡಿಯ ಸಾಹೇಬರು ಮಾತ್ರ ಫೋನು ತೆಗೆದುಕೊಂಡು ಹೊಸ ಆಟವನ್ನು ಕೊನೆಯ ಘಟ್ಟದಿಂದ ಆಡಿ ನೋಡಿದರು. ಬುಟ್ಟಿ ತೆರೆಯದಾದಾಗ ಗುಂಡಿಯನ್ನು ಮತ್ತೆ ಮತ್ತೆ ಒತ್ತಿದರು. ತಲೆ ಎತ್ತಿ ನನ್ನನ್ನು ನೋಡಿದರು.

"ಬಹಳ ಜಾಲಿಮ್ ಆಟ ಮಾಡಿದೀಯಮ್ಮ. ಕರುಣೆಯೇ ಇಲ್ಲ."

"ಹೌದು."

"ಎಷ್ಟು ಮುಂಗಡ?"

ಮುನೇಶ್ ಎರಡನೇ ಸಲ ಬಂದಾಗ ತಿಂಗಳ ಕೊನೆಗೆ ಇನ್ನು ಕೆಲವೇ ದಿನಗಳಿದ್ದವು. ಕರಾರು ಪತ್ರದ ಜೊತೆ ಈ ಸಲ ಪೆನ್ನೂ ತಂದಿದ್ದ.

"ಯೋಚ್ನೆ ಆಯ್ತಾ? ಫೋನಲ್ಲಿ ಹುಳ ಸಾಕಿ ಬಾಡಿಗೆ ಕಟ್ತೀಯಾ, ಇಲ್ಲಾ ಸೈನ್ ಹಾಕ್ತೀಯಾ?"

"ಕಂಪನಿಯವರಿಗೆ ಹಳೇ ಆಟ ತೋರಿಸಿದ್ದೀರ. ಹೊಸದು ಮಾಡಿದೀನಿ ಬಾವ. ಸದ್ದು ಸೇರಿಸಿದೀನಿ. ಮೊದಲು ಇದನ್ನು ನೋಡಲಿ."

ಅವನ ಕಣ್ಣು ಸಣ್ಣದಾಯಿತು. ಕೇಳದೆ ಕೊಡುವವಳಲ್ಲ ನಾನು ಎಂದು ಅವನಿಗೆ ಗೊತ್ತು. ಆದರೆ ಹೊಸ ಆಟ, ಹೊಸ ಸದ್ದು. ಫೋನನ್ನು ಮುಂದಕ್ಕೆ ಚಾಚಿದ. ಬ್ಲೂಟೂತಿನಲ್ಲಿ ಕಳಿಸಿದೆ. ಕೋಣೆಯ ಬಾಗಿಲು ದಾಟುವ ಮೊದಲೇ ಅವನ ಫೋನಿನಲ್ಲಿ ಆಟ ಶುರುವಾಗಿತ್ತು.

"ಅಂಗಡೀಲೂ ಹಾಕ್ತೀನಿ, ತಪ್ಪು ತಿಳ್ಕೊಬೇಡ," ಎಂದ. "ಪಬ್ಲಿಸಿಟಿ."

"ಹಾಕಿ ಬಾವ."

ಒಂದು ವಾರ ಏನೂ ಆಗಲಿಲ್ಲ. ಹುಳುಗಳು ಬೆಳೆಯುತ್ತಿದ್ದವು. ಕೊಂಡಮ್ಮ ಬಂದು ಬಾಡಿಗೆ ಕೇಳಿದಳು, ಅಲೀಪುರದ ಮುಂಗಡದಲ್ಲಿ ಅರ್ಧ ಕೊಟ್ಟೆ. "ಅರ್ಧ ಬಾಡಿಗೆಗೆ ಅರ್ಧ ಕೋಣೇಲಿರ್ತೀಯಾ?" ಎಂದಳು. ಮೊದಲ ಫೋನು ಬಂದದ್ದು ಆಗ. ಚಿಂತಾಮಣಿಯಿಂದ, ಹೆಂಗಸಿನ ದನಿ, ತೆಲುಗು.

"ಏಮಮ್ಮಾ, ಪುರುಗುಲು ಲೇಚಿನಾಯಿ, ಆಕು ವೇಯನೀಯದೇ! ಚಚ್ಚಿಪೋತಾಯಮ್ಮಾ!"

ಹುಳು ಎದ್ದಿವೆ, ಸೊಪ್ಪು ಹಾಕಲು ಬಿಡುತ್ತಿಲ್ಲ, ಸತ್ತೇ ಹೋಗುತ್ತವೆ.

"ಆಟ ಹಾಕಿಕೊಟ್ಟ ಅಂಗಡಿಗೆ ಹೋಗಿ, ಅವರಿಗೆ ಹೇಳಿ," ಎಂದೆ.

ಆಮೇಲೆ ಫೋನು ನಿಲ್ಲಲಿಲ್ಲ. ಒಬ್ಬ ಮಾಸ್ತರರು ಶಾಪ ಹಾಕಿದರು. ಒಬ್ಬ ಹುಡುಗ ನನ್ನ ಇಡೀ ವಂಶವನ್ನು ಎತ್ತಿ ಆಡಿದ. ಗೂಡು ವ್ಯಾಪಾರಿಯೊಬ್ಬ, ನೀನು ಹೆಂಗಸಾ, ಹಸಿದ ಜೀವ ಮುಂದಿಟ್ಕೊಂಡು ದುಡ್ಡು ಕೇಳ್ತೀಯಲ್ಲ ಎಂದು ಕೇಳಿದ. ಮನೆಯಲ್ಲಿ ಹುಳು ಸಾಕುವವರೇ ಹೆಚ್ಚು ಕೂಗಾಡಿದರು. ಎಲ್ಲರಿಗೂ ಅದೇ ಉತ್ತರ ಕೊಟ್ಟೆ: ಅಂಗಡಿಗೆ ಹೋಗಿ.

ಸಂಜೆ ಮುನೇಶ್ ಬಂದ. ಅಂಗಿಯ ಒಂದು ಗುಂಡಿ ಕಿತ್ತುಹೋಗಿತ್ತು.

"ಏನಮ್ಮ ಇದು? ಅಂಗಡಿ ಮುಂದೆ ಜಾತ್ರೆ! ಮುದುಕೀರೆಲ್ಲ ಬಂದು ಕಾಲರ್ ಹಿಡೀತಾವ್ರೆ! ಎಂಸಿಎ ಓದಿರೋದು ಹುಳ ಸಾಯ್ಸಕ್ಕಾ?"

"ಸಾಯಿಸೋದು ಬೇಡ ಅಂದ್ರೆ ಸಂಖ್ಯೆ ಮಾರಿ. ಮುಂಗಡ ಕೊಟ್ರೆ ಸಂಖ್ಯೆ ಹೇಳ್ತೀನಿ. ಅಲೀಪುರದವರಿಗೆ ಏನು ಪಾಲೋ ನಿಮಗೂ ಅದೇ."

"ನಂಗೆ? ಮುಂಗಡ? ನನ್ ತಮ್ಮನ ಆಟಕ್ಕೆ?"

"ನಿಮ್ಮ ತಮ್ಮ ಇದನ್ನೇ ಹೇಳಕ್ಕೆ ನಿಮ್ಮ ಅಂಗಡಿಗೆ ಬಂದಿದ್ದ."

ಅವನು ಕುರ್ಚಿಯಿಂದ ಎದ್ದ.

"ಅವನ ಸಾವನ್ನ ನನ್ನ ತಲೆಗೆ ಕಟ್ತಾ ಇದೀಯಾ?"

"ಇಲ್ಲ. ಮುಂಗಡ ಕೇಳ್ತಾ ಇದೀನಿ."

"ನಿನ್ನಂಥೋಳನ್ನ ನೋಡೇ ಇಲ್ಲ ಕಣಮ್ಮ. ಅಳೋದೂ ಇಲ್ಲ, ಬೈಯೋದೂ ಇಲ್ಲ. ಕಲ್ಲು."

ನನ್ನ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಅವನದೂ ಹೊಡೆದುಕೊಳ್ಳುತ್ತಿತ್ತು. ಎತ್ತಿದ, ಯಾರೋ ಕಿರುಚಿದರು, ಇಟ್ಟ. ಆಮೇಲೆ ಜೇಬಿನಿಂದ ನೋಟುಗಳನ್ನು ತೆಗೆದು ಮಂಚದ ಮೇಲೆ ಎಸೆದ. ಒಂದು ನೋಟು ಕೆಳಗೆ ಬಿತ್ತು. ಅವನು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವನು ಬಿಟ್ಟುಹೋಗಿದ್ದ ಕರಾರು ಪತ್ರವನ್ನು ಅವನ ಕೈಗೆ ಕೊಟ್ಟೆ.

"ಇದು ಬೇಡ ಬಾವ."

"ಹಾಳಾಗೋಗು," ಎಂದ. ಮೆಟ್ಟಿಲಿಳಿಯುವಾಗಲೇ ಮೊದಲ ಗಿರಾಕಿಯ ಸಂಖ್ಯೆಯನ್ನು ಕೂಗಿ ಹೇಳಿದ. ನಾನು ಉತ್ತರ ಹೇಳಿದೆ. ಕೊಂಡಮ್ಮ ಕೆಳಗಿನಿಂದ ನೋಡುತ್ತಿದ್ದಳು. ಅವಳಿಗೆ ಬಾಡಿಗೆಯ ಉಳಿದ ಅರ್ಧವನ್ನು ಅಂದೇ ಕೊಟ್ಟೆ.

ಎರಡು ದಿನ ಬಿಟ್ಟು ಮಧ್ಯಾಹ್ನ ಅತ್ತೆ ಬಂದರು. ಒಬ್ಬರೇ, ಜಂಗಮಕೋಟೆಯಿಂದ ಬಸ್ಸಿನಲ್ಲಿ. ಆ ಕೋಣೆಗೆ ಅವರು ಎಂದೂ ಬಂದವರಲ್ಲ. ಹೊಸಿಲಿನ ಹೊರಗೆ ಚಪ್ಪಲಿ ಬಿಟ್ಟು, ನೀರು ಕೇಳಿ ಕಾಲು ತೊಳೆದುಕೊಂಡರು. ಆಮೇಲೆ ಸೆರಗಿನಲ್ಲಿ ಸುತ್ತಿದ್ದ ಫೋನನ್ನು ತೆಗೆದರು. ಮುನೇಶ್ ತನ್ನ ಹಳೆಯದನ್ನು ಅವರಿಗೆ ಕೊಟ್ಟಿದ್ದ.

"ಎದ್ದವೆ," ಎಂದರು. "ಸೊಪ್ಪಿನ ಬುಟ್ಟಿ ತೆಗೆಯಾಕ್ ಆಗ್ತಿಲ್ಲ."

ಅವರು ಆಡುತ್ತಾರೆಂದು ನನಗೆ ಗೊತ್ತಿರಲಿಲ್ಲ. ನೋಡಿದೆ. ತಟ್ಟೆ ತುಂಬ ಹುಳು, ಎಲ್ಲ ದಪ್ಪ, ಎಲ್ಲ ತಲೆ ಎತ್ತಿ ಆಡಿಸುತ್ತಿದ್ದವು. ಒಂದೂ ಸತ್ತಿರಲಿಲ್ಲ, ಒಂದಕ್ಕೂ ರೋಗವಿರಲಿಲ್ಲ. ಅಂಥ ಬೆಳೆಯನ್ನು ನಾನೂ ತೆಗೆದಿರಲಿಲ್ಲ.

"ಬಾವನ ಅಂಗಡೀಲಿ ಸಂಖ್ಯೆ ಕೊಡ್ತಾರೆ ಅತ್ತೆ."

"ಕೇಳ್ದೆ. ತಾಯಿ ಹತ್ರಾನೇ ಇಪ್ಪತ್ತು ರೂಪಾಯಿ ಕೇಳ್ದ, ನಾಚ್ಕೆ ಇಲ್ದೋನು. ಅವನಿಗ್ಯಾಕೆ ಕೊಡ್ಲಿ? ಆಟ ಮಾಡ್ದೋನು ನನ್ನ ಸಣ್ ಮಗ."

"ನಾನೂ ಮಾಡ್ದೆ."

ಅವರು ಸೆರಗಿನಿಂದ ಫೋನನ್ನು ಒರೆಸಿದರು.

"ನೀವು ಹೆಬ್ಬೆಟ್ಟು ಒತ್ತಿದ್ರಲ್ಲ, ಆ ಪೇಪರ್ ನಡೆದಿದ್ರೆ ಇವೆಲ್ಲ ಮೀನಾಗಿರೋವು."

"ಮೀನಾ?" ಎಂದು ಮುಖ ಎತ್ತಿದರು. "ಮೀನ್ಯಾಕೆ? ಮೀನಿಗೆ ಸೊಪ್ಪು ಹಾಕ್ತಾರಾ?" ಮತ್ತೆ ಫೋನನ್ನು ನೋಡಿಕೊಂಡು, "ನನ್ನ ಮಗ ಇಂಗೆ ಮಾಡ್ತಿರ್ಲಿಲ್ಲ. ಹಸಿದಿರೋವನ್ನ ಇಂಗೆ ನಿಲ್ಸ್ತಿರ್ಲಿಲ್ಲ," ಎಂದರು.

"ಹೌದು. ಅದಕ್ಕೇ ಯಾರೂ ದುಡ್ಡು ಕೊಡಲಿಲ್ಲ."

"ನಂಗೂ ಕೊಡು ಅಂತೀಯಾ?"

"ಎಲ್ಲರಿಗೂ ಒಂದೇ ಅತ್ತೆ."

ನನ್ನನ್ನೇ ನೋಡುತ್ತಾ ನಿಂತರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಕೇಳಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ ಒಂದು ಹುಳು ತಲೆ ಇಳಿಸಿತು. ಅವರಿಗೆ ಕಂಡಿತು. ಸೆರಗಿನ ಗಂಟನ್ನು ಹಲ್ಲಿನಿಂದ ಬಿಚ್ಚಿ, ಮಡಿಸಿದ ನೋಟುಗಳನ್ನು ಮೇಜಿನ ಮೇಲಿಟ್ಟರು. ನಾನು ತೆಗೆದುಕೊಂಡೆ. ಸಂಖ್ಯೆಯನ್ನು ಒಂದೊಂದಾಗಿ ಹೇಳಿದೆ, ಅವರು ಒಂದೊಂದಾಗಿ ಒತ್ತಿದರು.

ಬುಟ್ಟಿ ತೆರೆಯಿತು. ಅವರು ನೆಲದ ಮೇಲೆ ಗೋಡೆಗೆ ಒರಗಿ ಕೂತು, ಎರಡೂ ಹೆಬ್ಬೆರಳಿನಿಂದ ಸೊಪ್ಪು ಹಾಕತೊಡಗಿದರು. ತಿನ್ನುವ ಸದ್ದು ಶುರುವಾಯಿತು, ಅದರೊಳಗೆ ಅವರದೇ ಬಳೆಯ ಸದ್ದು. ಗುರುತು ಹಿಡಿದರೋ ಇಲ್ಲವೋ ತಿಳಿಯಲಿಲ್ಲ. "ತಿನ್ರಪ್ಪ, ತಿನ್ರಿ," ಎನ್ನುತ್ತಿದ್ದರು.

ನೋಡಲೆಂದು ಹತ್ತಿರ ಹೋಗಿ ಬಗ್ಗಿದೆ. ಕಿಟಕಿ ನನ್ನ ಬೆನ್ನ ಹಿಂದಿತ್ತು. ಪರದೆಯ ಮೇಲೆ ನನ್ನ ನೆರಳು ಬಿತ್ತು.

"ಅತ್ಲಾಗ್ ಸರಿ," ಎಂದರು ಅತ್ತೆ, ತಲೆ ಎತ್ತದೆ. "ಹುಳದ ಮೇಲೆ ನೆಳ್ಳು ಬೀಳ್ತೈತೆ."

ಆ ಹುಳುಗಳು ಯಾವುದಕ್ಕೆ ಸಾಯುತ್ತವೆ, ಯಾವುದಕ್ಕೆ ಸಾಯುವುದಿಲ್ಲ ಎಂಬುದೆಲ್ಲ ನನಗೆ ಗೊತ್ತಿತ್ತು. ಬರೆದವಳು ನಾನು. ನೆರಳಿಗೆ ನಾನು ಯಾವ ರೋಗವನ್ನೂ ಬರೆದಿರಲಿಲ್ಲ.

ನಾನು ಸರಿಯಲಿಲ್ಲ. ಅತ್ತೆ ಮತ್ತೊಮ್ಮೆ ಹೇಳಲು ಬಾಯಿ ತೆರೆದು, ಪರದೆಯನ್ನು ನೋಡಿ, ಬುಟ್ಟಿಯಿಂದ ಇನ್ನಷ್ಟು ಸೊಪ್ಪು ಹಾಕಿದರು. ನನ್ನ ನೆರಳಿನ ಕೆಳಗೆ ಹುಳುಗಳು ತಿನ್ನುತ್ತಲೇ ಇದ್ದವು.